ಸೆಲ್ಫ್ ಚೆಕೌಟ್‌ನಲ್ಲಿ ಬಿಲ್ ಮಾಡುವ ಮುಂಚೆ ಇದನ್ನು ಓದಿ: ಒಂದು ತೆಂಗಿನಕಾಯಿ, ಎರಡು ಸಲ ಅಕ್ಕಿ

ಇಂಗ್ಲೆಂಡಿನಲ್ಲಿರುವ ಕನ್ನಡದವರು, ಅದರಲ್ಲೂ ಊರಿಂದ ಅಪ್ಪ ಅಮ್ಮನನ್ನು ಕರೆಸಿಕೊಂಡಿರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಬರೆಯಲೋ ಬೇಡವೋ ಅಂತ ಒಂದು ತಿಂಗಳು ಒದ್ದಾಡಿದ್ದೇನೆ. ನಾಚಿಕೆ ಆಗುತ್ತಿತ್ತು. ತಪ್ಪು ನಮ್ಮದಲ್ಲ ಅಂತ ಗೊತ್ತಿದ್ದರೂ ನಾಚಿಕೆ ಬಿಡುವುದಿಲ್ಲ. ಈಗ ನಾಚಿಕೆಗಿಂತ ಸಿಟ್ಟು ಜಾಸ್ತಿ ಆಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾವು ರೀಡಿಂಗ್ ಅನ್ನುವ ಊರಿನಲ್ಲಿ ಇದ್ದೇವೆ. ಅಂಗಡಿಯ ಹೆಸರು ಹಾಕುವುದಿಲ್ಲ, ಕೇಳಬೇಡಿ. ದೊಡ್ಡ ಸೂಪರ್ ಮಾರ್ಕೆಟ್, ನೀವೆಲ್ಲ ವಾರ ವಾರ ಹೋಗುವಂಥದ್ದೇ. ಒಂದು ಶನಿವಾರ ಸಂಜೆ ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಅಪ್ಪ ತಿಪಟೂರಿನಲ್ಲಿ 38 ವರ್ಷ ದಿನಸಿ ಅಂಗಡಿ ನಡೆಸಿದವರು. ಈಗ ಅಂಗಡಿ ಬಿಟ್ಟಿದ್ದಾರೆ, ಆದರೆ ಎಲ್ಲಿಗೆ ಹೋದರೂ ಬೇಳೆ ಕೈಯಲ್ಲಿ ಹಿಡಿದು ನೋಡುವುದು, ದರ ಓದುವುದು ಬಿಟ್ಟಿಲ್ಲ. ಸೂಪರ್ ಮಾರ್ಕೆಟ್ ಅಂದರೆ ಅವರಿಗೆ ಖುಷಿ.

ಹತ್ತು ಕೆಜಿ ಬಾಸ್ಮತಿ ಚೀಲ, ಹಾಲು, ಮೊಸರು, ತರಕಾರಿ, ಅಮ್ಮ ಹೇಳಿ ಕಳಿಸಿದ್ದ ಒಂದು ತೆಂಗಿನಕಾಯಿ, ಅಪ್ಪನಿಗೆ ಎರಡು ಪ್ಯಾಕೆಟ್ ಪ್ಯಾರಾಸಿಟಮಾಲ್. ಒಟ್ಟು ಮೂವತ್ತಕ್ಕೂ ಜಾಸ್ತಿ ಸಾಮಾನು. ನಾನು ಮನುಷ್ಯರು ಕೂತಿರುವ ಕೌಂಟರ್‌ಗೇ ಹೋದೆ. ಹನ್ನೆರಡು ಕೌಂಟರ್ ಇವೆ, ತೆರೆದಿದ್ದು ಒಂದೇ. ಸಾಲು ಬಿಸ್ಕತ್ತಿನ ಕಪಾಟಿನವರೆಗೂ ನಿಂತಿತ್ತು. ಅಲ್ಲಿಯ ಹುಡುಗಿಯೊಬ್ಬಳು ಬಂದು, ಆ ಕಡೆ ಮೆಷಿನ್‌ಗೆ ಹೋಗಿ, ಬೇಗ ಆಗುತ್ತದೆ, ಟ್ರಾಲಿ ಇದ್ದರೂ ಪರವಾಗಿಲ್ಲ ಅಂದಳು. ಹೋದೆ. ಅವರೇ ಕಳಿಸಿದ್ದು. ಇದನ್ನು ನೆನಪಿಟ್ಟುಕೊಳ್ಳಿ, ಅವರೇ ಕಳಿಸಿದ್ದು.

ಆ ಸೆಲ್ಫ್ ಚೆಕೌಟ್ ಮೆಷಿನ್‌ಗಳು ಹೇಗೆ ಅಂತ ನಿಮಗೆ ಗೊತ್ತೇ ಇದೆ, ಸಾಮಾನನ್ನು ನಾವೇ ಸ್ಕ್ಯಾನ್ ಮಾಡಿ ನಾವೇ ದುಡ್ಡು ಕಟ್ಟುವಂಥವು. ಸ್ಕ್ಯಾನ್ ಮಾಡಿದ್ದನ್ನು ಪಕ್ಕದ ತಟ್ಟೆಯ ಮೇಲೆ ಇಡಬೇಕು. ಅದರ ಕೆಳಗೆ ತಕ್ಕಡಿ ಇರುತ್ತದೆ. ತೂಕ ಅದರ ಲೆಕ್ಕಕ್ಕೆ ಹೊಂದದಿದ್ದರೆ "ಅನ್‌ಎಕ್ಸ್‌ಪೆಕ್ಟೆಡ್ ಐಟಂ ಇನ್ ದ ಬ್ಯಾಗಿಂಗ್ ಏರಿಯಾ" ಅಂತ ಕೂಗಿ, ಕೆಂಪು ದೀಪ ಹಾಕಿ ನಿಂತುಬಿಡುತ್ತದೆ. ಅಕ್ಕಿ ಚೀಲವನ್ನು ಎತ್ತಿ ಅಲ್ಲಿಡಲು ಆಗುವುದಿಲ್ಲ. ಹುಡುಗಿ ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ತಂದು ಟ್ರಾಲಿಯಲ್ಲೇ ಅದನ್ನು ಸ್ಕ್ಯಾನ್ ಮಾಡಿದಳು. ಮೆಷಿನ್ ಚೀಲ ತಟ್ಟೆಯ ಮೇಲೆ ಇಡು ಅಂತ ಹಟ ಹಿಡಿಯಿತು. ಅವಳು ತನ್ನ ಕಾರ್ಡ್ ತೋರಿಸಿ, ಏನೋ ಎರಡು ಮೂರು ಸಲ ಒತ್ತಿ, ಮತ್ತೆ ಸ್ಕ್ಯಾನ್ ಮಾಡಿದಳು. ಅಷ್ಟರಲ್ಲಿ ಇನ್ನೊಂದು ಮೆಷಿನ್ ಕೆಂಪಾಯಿತು, ಓಡಿದಳು. ಎಂಟು ಮೆಷಿನ್‌ಗೆ ಅವಳೊಬ್ಬಳೇ. ಅವಳ ಮೇಲೆ ನನಗೆ ಸಿಟ್ಟಿಲ್ಲ.

ಆಮೇಲೆ ತೆಂಗಿನಕಾಯಿ. ಅದಕ್ಕೆ ಬಾರ್‌ಕೋಡ್ ಇರಲಿಲ್ಲ. ಪರದೆಯ ಮೇಲೆ ಹುಡುಕಿ, ಚಿತ್ರ ಒತ್ತಿ, ಒಂದು ಅಂತ ಹಾಕಬೇಕು. ಒತ್ತಿದೆ, ತಟ್ಟೆಯ ಮೇಲೆ ಇಟ್ಟೆ. ಆ ಹೊತ್ತಿಗೇ ಮತ್ತೆ ಕೆಂಪು ದೀಪ. ಅದಕ್ಕೂ ಮುಂಚೆ ಪ್ಯಾರಾಸಿಟಮಾಲ್ ಸ್ಕ್ಯಾನ್ ಮಾಡಿದ್ದೆ, ಇಲ್ಲಿ ಅದಕ್ಕೆ ಕೌಂಟರಿನವರೇ ಬಂದು ಒಪ್ಪಿಗೆ ಕೊಡಬೇಕು. ಹದಿನಾರು ಮಾತ್ರೆಯ ಎರಡು ಪ್ಯಾಕೆಟ್‌ಗಿಂತ ಜಾಸ್ತಿ ಕೊಡುವುದೂ ಇಲ್ಲ. ಹುಡುಗಿ ಮತ್ತೆ ಬಂದಳು. ಪರದೆಯ ಮೇಲೆ ಏನೇನಿತ್ತೋ ಎಲ್ಲ ಸರಿಸಿ, "ಆಯಿತು, ಮುಂದುವರಿಸಿ" ಅಂದು ಹೋದಳು. ತೆಂಗಿನಕಾಯಿ ಲೆಕ್ಕಕ್ಕೆ ಸೇರಿದೆ ಅಂತಲೇ ನಾನು ತಿಳಿದೆ. ಪರದೆಯ ಪಟ್ಟಿ ನೋಡಬೇಕಿತ್ತು. ನೋಡಲಿಲ್ಲ. ಹಿಂದೆ ಜನ ಕಾಯುತ್ತಿದ್ದರು. ದುಡ್ಡು ಕಟ್ಟಿದೆ, ಬಿಲ್ ಪ್ರಿಂಟ್ ತೆಗೆದುಕೊಂಡೆ.

ಹೊರಗೆ ಹೋಗಲು ಈಗ ಗೇಟ್ ಇಟ್ಟಿದ್ದಾರಲ್ಲ, ಬಿಲ್ ತೋರಿಸಿದರೆ ಮಾತ್ರ ತೆರೆಯುವಂಥದ್ದು. ನಮ್ಮ ಬಿಲ್ ತೋರಿಸಿದಾಗ ತೆರೆಯಲಿಲ್ಲ. ಸೆಕ್ಯುರಿಟಿಯವನು ಬಂದು, ಚೆಕ್ ಮಾಡಬೇಕು, ಪಕ್ಕಕ್ಕೆ ಬನ್ನಿ ಅಂದ. ಬೆಂಗಳೂರಿನಲ್ಲಾದರೆ ಬಾಗಿಲಲ್ಲಿ ಎಲ್ಲರ ಬಿಲ್‌ಗೂ ಸೀಲ್ ಹಾಕುತ್ತಾರೆ, ಯಾರಿಗೂ ಏನೂ ಅನಿಸುವುದಿಲ್ಲ. ಇಲ್ಲಿ ಹಾಗಲ್ಲ. ಎಲ್ಲರೂ ಸುಮ್ನೆ ಹೋಗುತ್ತಿರುತ್ತಾರೆ, ನಿಮ್ಮೊಬ್ಬರನ್ನೇ ನಿಲ್ಲಿಸುತ್ತಾರೆ. ಹೋಗುವವರೆಲ್ಲ ನೋಡುತ್ತಾರೆ.

ಅವನು ಚೀಲದಲ್ಲಿದ್ದದ್ದನ್ನೆಲ್ಲ ಹೊರಗೆ ತೆಗೆದ. ಒಂದೊಂದೇ. ಬಿಲ್ ಹಿಡಿದು ಪೆನ್ನಿನಿಂದ ಒಂದೊಂದಕ್ಕೂ ಗುರುತು ಹಾಕುತ್ತಾ ಹೋದ. ಹಾಲು, ಗುರುತು. ಮೊಸರು, ಗುರುತು. ಅಪ್ಪನ ಮಾತ್ರೆ, ಗುರುತು. ನನ್ನ ಮಗನ ಕ್ಲಾಸಿನ ಹುಡುಗನ ತಾಯಿ ಪಕ್ಕದಲ್ಲೇ ಹಾದುಹೋದರು, ನನ್ನನ್ನು ನೋಡಿದರು, ನೋಡದ ಹಾಗೆ ಹೋದರು. ಕೊನೆಗೆ ತೆಂಗಿನಕಾಯಿ ಕೈಯಲ್ಲಿ ಎತ್ತಿ ಹಿಡಿದ.

"ಇದು ಬಿಲ್‌ನಲ್ಲಿ ಇಲ್ಲ."

ಮೆಷಿನ್‌ನಲ್ಲಿ ಒತ್ತಿದ್ದೇನೆ ಅಂದೆ. ಬಿಲ್‌ನಲ್ಲಿ ಇಲ್ಲ ಅಂದ. ನಿಮ್ಮ ಹುಡುಗಿಯೇ ಎರಡು ಸಲ ಬಂದು ಸರಿ ಮಾಡಿ ಹೋಗಿದ್ದಾಳೆ, ಅವಳನ್ನೇ ಕೇಳಿ ಅಂದೆ. ಅವನು ವಾಕಿಟಾಕಿಯಲ್ಲಿ ಸೂಪರ್‌ವೈಸರ್‌ನನ್ನು ಕರೆದ. ಆ ಮನುಷ್ಯ ನನ್ನ ಮಾತನ್ನು ಕೇಳಿಸಿಕೊಂಡು ಹೇಳಿದ್ದು ಇಷ್ಟು: "ಎಲ್ಲರೂ ಹೀಗೇ ಹೇಳುತ್ತಾರೆ."

ಎಲ್ಲರೂ ಹೀಗೇ ಹೇಳುತ್ತಾರೆ! ಅಪ್ಪನಿಗೆ ಇಂಗ್ಲಿಷ್ ಮಾತಾಡಲು ಕಷ್ಟ, ಆದರೆ ಅರ್ಥ ಆಗುತ್ತದೆ. ಅರ್ಥ ಆಯಿತು. ಕೈ ಕಟ್ಟಿಕೊಂಡು ತಲೆ ತಗ್ಗಿಸಿ ನಿಂತಿದ್ದರು. ತೆಂಗಿನಕಾಯಿ ಲೋಡುಗಟ್ಟಲೆ ಬಂದು ಇಳಿಯುವ ಊರಿನವರು, ಒಂದು ಕಾಯಿ ಕದ್ದವರ ಥರ ನಿಂತಿದ್ದರು. ಅದರ ಬೆಲೆ 1 ಪೌಂಡ್ 10 ಪೆನ್ಸ್. ಕಸ್ಟಮರ್ ಸರ್ವಿಸ್ ಕೌಂಟರ್‌ಗೆ ಕರೆದುಕೊಂಡು ಹೋಗಿ ಅದಕ್ಕೆ ಬೇರೆ ಬಿಲ್ ಮಾಡಿಸಿದರು. "ಈ ಸಲ ಇಷ್ಟಕ್ಕೇ ಬಿಡುತ್ತಿದ್ದೇವೆ" ಅಂತ ಬೇರೆ ಹೇಳಿದರು. ನಾನು ಥ್ಯಾಂಕ್ಸ್ ಅಂದೆ. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಥ್ಯಾಂಕ್ಸ್ ಯಾಕೆ ಅಂದೆನೋ!

ಕಾರಿನಲ್ಲಿ ಅಪ್ಪ ಕೇಳಿದ್ದು ಒಂದೇ ಮಾತು. "ಇದರಿಂದ ನಿನ್ನ ವೀಸಾಕ್ಕೆ ಏನಾದ್ರೂ ತೊಂದರೆ ಆಗುತ್ತೇನಮ್ಮ?"

ಇನ್ನು ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ರಾತ್ರಿ ಊಟ ಆದ ಮೇಲೆ ಅಪ್ಪ ಕನ್ನಡಕ ಹಾಕಿಕೊಂಡು ಆ ಬಿಲ್ ಹಿಡಿದು ಕೂತರು. ಹೋಗಲಿ ಬಿಡಿಯಪ್ಪ ಅಂದೆ. ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ, "ಬಾ ಇಲ್ಲಿ, ಅಕ್ಕಿ ಎಷ್ಟು ಚೀಲ ತಂದೆ?" ಅಂದರು. ಒಂದು ಅಂದೆ. ಬಿಲ್‌ನಲ್ಲಿ ಎರಡು ಇತ್ತು. 16 ಪೌಂಡ್ 50 ಪೆನ್ಸ್, ಅದರ ಕೆಳಗೇ ಇನ್ನೊಂದು 16 ಪೌಂಡ್ 50 ಪೆನ್ಸ್.

ಮೊದಲನೆಯದರ ಪಕ್ಕದಲ್ಲಿ ಪೆನ್ನಿನ ಗುರುತು ಇತ್ತು. ಎರಡನೆಯದರ ಪಕ್ಕ ಇರಲಿಲ್ಲ.

ಇದನ್ನು ಇನ್ನೊಂದು ಸಲ ಓದಿ. ಆ ಸೆಕ್ಯುರಿಟಿಯವನು ಪ್ರತಿಯೊಂದು ಸಾಲನ್ನೂ ನೋಡಿದ್ದಾನೆ. ಬಿಲ್‌ನಲ್ಲಿ ಎರಡು ಚೀಲ, ಟ್ರಾಲಿಯಲ್ಲಿ ಒಂದು ಚೀಲ. ಒಂದಕ್ಕೆ ಗುರುತು ಹಾಕಿ, ಇನ್ನೊಂದನ್ನು ಬಿಟ್ಟು ಮುಂದೆ ಹೋಗಿದ್ದಾನೆ. ಬಾಯಿ ಬಿಡಲಿಲ್ಲ. 1 ಪೌಂಡ್ 10 ಪೆನ್ಸ್‌ಗೆ ನನ್ನ ಅಪ್ಪನನ್ನು ಹಾಗೆ ನಿಲ್ಲಿಸಿದ ಹೊತ್ತಿನಲ್ಲೇ ನಮ್ಮ 16 ಪೌಂಡ್ 50 ಪೆನ್ಸ್ ಅವರ ಹತ್ತಿರ ಇತ್ತು. ನಾನು ಮೋಸ ಹೋದೆ ಅಂತ ನನಗೆ ಅನಿಸಿದ್ದು ಆಗ. ಗೇಟಿನಲ್ಲಿ ಅವಮಾನ ಆಗಿತ್ತು, ಮೋಸ ಅಂತ ಗೊತ್ತಾಗಿದ್ದು ಮನೆಯ ಊಟದ ಮೇಜಿನ ಹತ್ತಿರ.

ಅಪ್ಪ ಅಂಗಡಿಯಲ್ಲಿ ಚೀಟಿ ಬರೆಯುವಾಗ ಒಂದೊಂದು ಸಾಮಾನೂ ಕೂಗಿ ಹೇಳಿ ಚೀಲಕ್ಕೆ ಹಾಕುತ್ತಿದ್ದರು. ಬೇಳೆ ಎರಡು ಕೆಜಿ, ಸಕ್ಕರೆ ಒಂದು ಕೆಜಿ, ಅಂತ. ಗಿರಾಕಿ ಹೂಂ ಅನ್ನಬೇಕು. ರಾತ್ರಿ ಲೆಕ್ಕದಲ್ಲಿ ಯಾರ ಹತ್ತಿರವಾದರೂ ಜಾಸ್ತಿ ತೆಗೆದುಕೊಂಡಿದ್ದು ಕಂಡರೆ ಬೆಳಿಗ್ಗೆ ಹುಡುಗನ ಕೈಲಿ ದುಡ್ಡು ಕಳಿಸುತ್ತಿದ್ದರು. ಕೌಂಟರ್‌ನಲ್ಲಿ ಮನುಷ್ಯರು ಕೂತಿದ್ದರೆ ಆಗುವುದೂ ಇದೇ ಅಲ್ವಾ? ಅವರು ಬಿಲ್ ಮಾಡುತ್ತಾರೆ, ತಪ್ಪಾದರೆ ಅವರ ತಪ್ಪು. "ಅಯ್ಯೋ ಸಾರಿ, ಎರಡು ಸಲ ಆಯಿತು" ಅಂತ ತೆಗೆದುಹಾಕುತ್ತಾರೆ. ಕಾಯಿ ಬಿಟ್ಟುಹೋದರೆ ನಮ್ಮನ್ನು ಯಾರೂ ಕಳ್ಳರು ಅನ್ನುವುದಿಲ್ಲ. ಈ ಮೆಷಿನ್ ಮುಂದೆ ಅವರ ಕೆಲಸ ಮಾಡುವುದೂ ನಾವು, ತಪ್ಪಾದರೆ ಕಳ್ಳರೂ ನಾವೇ.

ಮಾರನೆ ದಿನ ಭಾನುವಾರ. ಇಲ್ಲಿ ದೊಡ್ಡ ಅಂಗಡಿಗಳಿಗೆ ಭಾನುವಾರ ಆರು ಗಂಟೆ ಮಾತ್ರ ವ್ಯಾಪಾರ. ಮೂರು ಗಂಟೆಗೆ ಬಿಲ್ ಹಿಡಿದುಕೊಂಡು ಹೋದೆ. ಡ್ಯೂಟಿಯಲ್ಲಿದ್ದ ಮ್ಯಾನೇಜರ್ ಬಂದರು. ಬಿಲ್ ನೋಡಿ, "ನಿಮ್ಮ ಮನೆಯಲ್ಲಿ ಇನ್ನೊಂದು ಚೀಲ ಇಲ್ಲ ಅಂತ ನಮಗೆ ಹೇಗೆ ಗೊತ್ತಾಗಬೇಕು?" ಅಂದರು. ಗುರುತು ತೋರಿಸಿದೆ. ನಿಮ್ಮವನೇ ಹಾಕಿದ್ದು, ನೋಡಿ, ಒಂದಕ್ಕೆ ಇದೆ, ಇನ್ನೊಂದಕ್ಕೆ ಇಲ್ಲ ಅಂದೆ. ಅದಕ್ಕೆ ಬಂದ ಉತ್ತರ: "ದುಡ್ಡು ಕೊಡದ ಸಾಮಾನು ಹುಡುಕುವುದು ಅವರ ಕೆಲಸ. ಜಾಸ್ತಿ ಬಿಲ್ ಆಗಿದೆಯಾ ಅಂತ ನೋಡುವುದು ಅವರ ಕೆಲಸ ಅಲ್ಲ."

ಇದನ್ನು ಮುಖಕ್ಕೆ ಮುಖ ಕೊಟ್ಟು ಹೇಳಿದರು. ಕ್ಯಾಮೆರಾ ನೋಡಿ ಅಂದೆ. ನಿಮಗೆ ತೋರಿಸಲು ಆಗುವುದಿಲ್ಲ, ಡೇಟಾ ಪ್ರೊಟೆಕ್ಷನ್ (ಜನರ ಮಾಹಿತಿ ಕಾಪಾಡುವ ಕಾನೂನು) ಅಂದರು. ಆ ಮೆಷಿನ್ ಪರದೆಯ ಮೇಲೆ ನಮ್ಮ ಮುಖವನ್ನೇ ವಿಡಿಯೋದಲ್ಲಿ ತೋರಿಸುತ್ತಾ ಇರುತ್ತಾರೆ. ಆಗ ಯಾವ ಪ್ರೊಟೆಕ್ಷನ್ನೂ ಇರಲಿಲ್ಲ.

ಹೆಡ್ ಆಫೀಸಿಗೆ ಮೇಲ್ ಹಾಕಿದೆ. ಉದ್ದವಾಗಿಯೇ ಬರೆದೆ. ಉತ್ತರ ಇಂಗ್ಲೆಂಡಿನ ಬೂತ್ಸ್ ಅಂಗಡಿಯವರು 2023ರ ನವೆಂಬರ್‌ನಲ್ಲಿ ತಮ್ಮ 28 ಅಂಗಡಿಗಳಲ್ಲಿ ಎರಡನ್ನು ಬಿಟ್ಟು ಉಳಿದ ಕಡೆಯೆಲ್ಲ ಈ ಮೆಷಿನ್ ತೆಗೆಯುತ್ತೇವೆ ಅಂದಿದ್ದನ್ನೂ ಬರೆದೆ. ಇವು ನಿಧಾನ, ನಂಬುವ ಹಾಗಿಲ್ಲ ಅಂತ ಗಿರಾಕಿಗಳು ಹೇಳಿದ್ದನ್ನು ಅವರು ಕಿವಿಗೆ ಹಾಕಿಕೊಂಡರು, ನೀವು ಕನಿಷ್ಠ ಎರಡು ಕೌಂಟರ್ ಆದರೂ ತೆರೆದಿಡಿ ಅಂತ ಕೇಳಿದೆ. ಆರು ದಿನ ಆದ ಮೇಲೆ ನಾಲ್ಕು ಸಾಲಿನ ಉತ್ತರ. ಸೆಲ್ಫ್ ಚೆಕೌಟ್ ಗಿರಾಕಿಗಳ ಅನುಕೂಲಕ್ಕಾಗಿ ಇದೆಯಂತೆ. ಸರಿಯಾಗಿ ಸ್ಕ್ಯಾನ್ ಮಾಡುವುದು ಗಿರಾಕಿಯ ಜವಾಬ್ದಾರಿಯಂತೆ. ಆದ ಬೇಸರಕ್ಕೆ 5 ಪೌಂಡ್ ವೋಚರ್ ಕಳಿಸಿದ್ದಾರಂತೆ. ಅಕ್ಕಿಯ ಮಾತೇ ಇಲ್ಲ. ಅಪ್ಪನ ಮಾತೇ ಇಲ್ಲ. ನನ್ನ ಗಂಡ, 16 ಪೌಂಡ್ ತಾನೇ, ಬಿಟ್ಟುಬಿಡು ಅಂದರು. ನಾನು ಬಿಡಲಿಲ್ಲ.

ಕೆಲಸಕ್ಕೆ ಬಂದಿದ್ದು ಏನು ಅಂತ ಹೇಳುತ್ತೇನೆ, ಇದನ್ನು ಬರೆದಿಟ್ಟುಕೊಳ್ಳಿ. ನಮ್ಮ ಚಿತ್ರ ಇರುವ ಕ್ಯಾಮೆರಾ ರೆಕಾರ್ಡಿಂಗ್ ಕೇಳುವ ಹಕ್ಕು ಇಲ್ಲಿನ ಕಾನೂನಿನಲ್ಲಿ ನಮಗೇ ಇದೆ. ಅದಕ್ಕೆ ಸಬ್ಜೆಕ್ಟ್ ಆಕ್ಸೆಸ್ ರಿಕ್ವೆಸ್ಟ್ ಅನ್ನುತ್ತಾರೆ. ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉತ್ತರ ಕೊಡಬೇಕು, ದುಡ್ಡು ಕೇಳುವಂತಿಲ್ಲ. ಯಾವ ದಿನ, ಎಷ್ಟು ಗಂಟೆ, ಯಾವ ಮೆಷಿನ್, ಏನು ಬಟ್ಟೆ ಹಾಕಿದ್ದೆವು ಅಂತ ಬರೆದು ಕಳಿಸಿದೆ. ರೆಕಾರ್ಡಿಂಗ್ ಬರಲಿಲ್ಲ. ಒಂಬತ್ತನೇ ದಿನ 16 ಪೌಂಡ್ 50 ಪೆನ್ಸ್ ಕಾರ್ಡಿಗೆ ವಾಪಸ್ ಬಂತು. ಯಾಕೆ ಬಂತು, ತಪ್ಪು ಯಾರದ್ದು, ಒಂದು ಸಾಲೂ ಇಲ್ಲ. ಅಪ್ಪನ ಹೆಸರಿಗೆ ಕ್ಷಮೆ ಕೇಳಿ ಪತ್ರ ಬರೆಯಿರಿ ಅಂತ ಕೇಳಿದೆ. ಅದಕ್ಕೆ ಇವತ್ತಿನವರೆಗೂ ಉತ್ತರ ಇಲ್ಲ.

ಇನ್ನೊಂದು ವಿಷಯ. ಇಲ್ಲಿನ 1968ರ ಥೆಫ್ಟ್ ಆಕ್ಟ್ ಪ್ರಕಾರ ಕಳ್ಳತನ ಅನ್ನಬೇಕಾದರೆ ಅಪ್ರಾಮಾಣಿಕ ಉದ್ದೇಶ ಇರಬೇಕು. ಮರೆತಿದ್ದು, ಮೆಷಿನ್ ತಪ್ಪಿಸಿದ್ದು ಕಳ್ಳತನ ಆಗುವುದಿಲ್ಲ. ಇದು ಆ ದಿನ ನನಗೆ ಗೊತ್ತಿದ್ದರೆ ಗೇಟಿನಲ್ಲಿ ತಲೆ ಎತ್ತಿ ಮಾತಾಡುತ್ತಿದ್ದೆ.

ಟ್ರಾಲಿ ತುಂಬ ಸಾಮಾನಿದ್ದರೆ ಮೆಷಿನ್ ಹತ್ತಿರ ಹೋಗಲೇಬೇಡಿ. ಅರ್ಧ ಗಂಟೆ ಆದರೂ ಸರಿ, ಮನುಷ್ಯರ ಕೌಂಟರ್‌ನಲ್ಲಿ ನಿಲ್ಲಿ, ಅಲ್ಲಿಗೆ ಹೋಗಿ ಇಲ್ಲಿಗೆ ಹೋಗಿ ಅಂದರೆ ಇಲ್ಲ ಅನ್ನಿ. ಹೋಗಲೇಬೇಕಾಗಿ ಬಂದರೆ ಕೆಂಪು ದೀಪ ಆದಾಗಲೆಲ್ಲ, ಅವರು ಬಂದು ಒತ್ತಿ ಹೋದ ಮೇಲೆ, ಪರದೆಯ ಪಟ್ಟಿಯನ್ನು ಮೇಲಿಂದ ಓದಿ. ಹಿಂದಿನವರು ಕಾಯಲಿ. ಬಿಲ್ ಪ್ರಿಂಟ್ ತೆಗೆಯದೆ ಬರಬೇಡಿ, ಬ್ಯಾಂಕಿನ ಮೆಸೇಜ್‌ನಲ್ಲಿ ಒಟ್ಟು ಮೊತ್ತ ಬಿಟ್ಟರೆ ಬೇರೇನೂ ಇರುವುದಿಲ್ಲ. ಗೇಟಿನಲ್ಲಿ ನಿಲ್ಲಿಸಿ ಚೆಕ್ ಮಾಡಿದರೆ ನೀವೂ ಅವರ ಜೊತೆ ಬಿಲ್ ನೋಡಿ. ಜಾಸ್ತಿ ಬಿದ್ದದ್ದನ್ನು ಅವರು ಹೇಳುವುದಿಲ್ಲ, ಅವರ ಬಾಯಿಂದಲೇ ಕೇಳಿದ್ದೇನೆ. ವಯಸ್ಸಾದ ಅಪ್ಪ ಅಮ್ಮನನ್ನಂತೂ ಆ ಮೆಷಿನ್ ಮುಂದೆ ಒಂಟಿಯಾಗಿ ಬಿಡಬೇಡಿ.

ಅಪ್ಪ ಆಮೇಲೆ ನನ್ನ ಜೊತೆ ಯಾವ ಅಂಗಡಿಗೂ ಬರಲಿಲ್ಲ. ನೀನು ಹೋಗಿ ಬಾ ಅಂತ ಕಾರಿನಲ್ಲೇ ಕೂರುತ್ತಿದ್ದರು. ಹೋದ ಗುರುವಾರ ಅಪ್ಪ ಅಮ್ಮ ಇಬ್ಬರೂ ಊರಿಗೆ ಹೊರಟರು. ಹೀಥ್ರೂನಲ್ಲಿ ಚೆಕ್ ಇನ್ ಮಾಡುವಾಗ ಅಪ್ಪನ ಪಾಸ್‌ಪೋರ್ಟ್ ಕವರ್ ತೆಗೆದೆ. ಒಳಗೆ ಒಂದು ಸಣ್ಣ ಚೀಟಿ ಮಡಿಸಿ ಇಟ್ಟಿದ್ದರು. ತೆಂಗಿನಕಾಯಿಗೆ ಬೇರೆ ಮಾಡಿಸಿದ ಬಿಲ್. ಇದು ಯಾಕಪ್ಪ ಅಂದೆ.

"ಯಾರಾದ್ರೂ ಕೇಳಿದ್ರೆ ತೋರಿಸೋಕೆ ಇರಲಿ, ದುಡ್ಡು ಕೊಟ್ಟಿದೀವಿ ಅಂತ" ಅಂದರು.