ಕೆತ್ತನೆಯ ಪಚ್ಚೆಯನ್ನು ಅಲ್ಟ್ರಾಸಾನಿಕ್ ಮೆಷಿನ್‌ಗೆ ಹಾಕಲು ಬಿಡಬೇಡಿ

ಮದುವೆ ಸೀಸನ್ ಬಂತೆಂದರೆ ಒಡವೆ ಅಂಗಡಿಗಳಲ್ಲಿ ಉಚಿತ ಕ್ಲೀನಿಂಗ್ ಶುರು. ಹಾಗೆ ತೊಳೆಯಲು ಕೊಟ್ಟ, ಗಣಪತಿ ಕೆತ್ತಿದ ಪಚ್ಚೆ ಪದಕವೊಂದು ವಾಪಸ್ ಬಂದಾಗ ಕಲ್ಲಿನ ತುಂಬ ಬಿಳಿ ಗೆರೆ. ಸೊಂಡಿಲ ತುದಿ ಮುರಿದಿತ್ತು, ಅರಗು ಸಡಿಲವಾಗಿ ಹರಳು ಅಲ್ಲಾಡುತ್ತಿತ್ತು. "ಕಲ್ಲೇ ಸರಿಯಿರಲಿಲ್ಲ" ಎಂದರು ಅಂಗಡಿಯವರು. ಕಲ್ಲು ಸರಿಯಾಗಿಯೇ ಇತ್ತು, ಅದನ್ನು ಅಲ್ಟ್ರಾಸಾನಿಕ್ ಮೆಷಿನ್‌ಗೆ, ಅಂದರೆ ಶಬ್ದತರಂಗದ ಕಂಪನದಿಂದ ಒಡವೆ ತೊಳೆಯುವ ಯಂತ್ರಕ್ಕೆ, ಹಾಕಬಾರದಿತ್ತು.

ಪಚ್ಚೆಯಲ್ಲಿ ಹುಟ್ಟಿನಿಂದಲೇ ಸಣ್ಣ ಬಿರುಕುಗಳಿರುತ್ತವೆ. ಮಾರಾಟಕ್ಕೆ ಬರುವ ಬಹುಪಾಲು ಪಚ್ಚೆಗೆ ಸೀಡರ್ (ದೇವದಾರು ಜಾತಿಯ ಮರ) ಎಣ್ಣೆಯನ್ನೋ ರಾಳವನ್ನೋ ಕುಡಿಸಿರುತ್ತಾರೆ. ಬಿರುಕಿನಲ್ಲಿ ಬರೀ ಗಾಳಿಯಿದ್ದರೆ ಬೆಳಕು ಚದುರಿ ಬೆಳ್ಳಗೆ ಕಾಣುತ್ತದೆ. ಪಚ್ಚೆಯ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಸುಮಾರು 1.58, ಸೀಡರ್ ಎಣ್ಣೆಯದು ಸುಮಾರು 1.51. ಎರಡೂ ಹತ್ತಿರವಿರುವುದರಿಂದ ಎಣ್ಣೆ ತುಂಬಿದ ಬಿರುಕು ಕಣ್ಣಿಗೆ ಬೀಳುವುದಿಲ್ಲ. ಮೆಷಿನ್‌ನ ಬಿಸಿ ಸೋಪುನೀರು, ಕಂಪನ ಎರಡೂ ಸೇರಿ ಆ ಎಣ್ಣೆಯನ್ನು ಹೊರಗೆಳೆಯುತ್ತವೆ, ಬಿರುಕನ್ನೂ ಬೆಳೆಸುತ್ತವೆ. ಕೆತ್ತನೆಗೆ ಅಪಾಯ ಇನ್ನೂ ಹೆಚ್ಚು. ಸ್ವಚ್ಛ ಕಲ್ಲು ಸಾಮಾನ್ಯವಾಗಿ ಕಟಿಂಗ್‌ಗೆ ಹೋಗುತ್ತದೆ, ಬಿರುಕಿನದು ಕೆತ್ತನೆಗೆ. ಸೊಂಡಿಲು, ಕಿವಿ, ಎಲೆಯಂಚಿನಂಥ ತೆಳು ಭಾಗ ಮೊದಲು ಹೋಗುತ್ತದೆ. ಸ್ಟೀಮ್ ಹೊಡೆಸುವುದೂ ಬೇಡ.

ಹಿಂಬದಿ ಮುಚ್ಚಿದ ಕುಂದನ್ ಒಡವೆಗೆ ನೀರೇ ಶತ್ರು. ಹರಳಿನಡಿ ಹೊಳಪಿನ ರೇಕು, ಅದರ ಕೆಳಗೆ ಅರಗು ಇರುತ್ತದೆ. ನೀರು ಒಳಹೊಕ್ಕರೆ ರೇಕು ಕಪ್ಪಾಗುತ್ತದೆ. ಅರಗು 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಹರಳು ಬಿಚ್ಚದೆ ಇದನ್ನು ಸರಿಮಾಡಲಾಗದು. ಒಣ ಮೇಕಪ್ ಬ್ರಷ್‌ನಲ್ಲಿ ಧೂಳು ತೆಗೆದು, ಹಿಂಡಿದ ಬಟ್ಟೆಯಿಂದ ಕಲ್ಲಿನ ಮೇಲ್ಮೈ ಮಾತ್ರ ಒರೆಸಿ.

ಹಿಂಬದಿ ತೆರೆದ ಕಟ್ಟಾದರೆ ಮನೆಯಲ್ಲೇ ತೊಳೆಯಬಹುದು. ಕೆತ್ತನೆಯ ಸಂದಿಯ ಕುಂಕುಮ, ಅರಿಶಿನವನ್ನು ಮೊದಲು ಒಣಗಿದ್ದಾಗಲೇ ಬ್ರಷ್‌ನಿಂದ ಉದುರಿಸಿ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಮಕ್ಕಳ ಮೆತ್ತನೆ ಟೂತ್‌ಬ್ರಷ್‌ನಲ್ಲಿ ಗೆರೆಯ ದಿಕ್ಕಿಗೇ ಉಜ್ಜಿ. ಒಂದು ನಿಮಿಷ ಸಾಕು, ನೆನೆಹಾಕಬೇಡಿ. ಬಟ್ಟಲಿನ ನೀರಲ್ಲಿ ಅದ್ದಿ ತೆಗೆದು ಹತ್ತಿ ಬಟ್ಟೆಯಲ್ಲಿ ಒರೆಸಿ. ಟೂತ್‌ಪೇಸ್ಟ್ 22 ಕ್ಯಾರೆಟ್ ಚಿನ್ನಕ್ಕೆ ಗೀರು ಹಾಕುತ್ತದೆ, ಸಂದಿಯಲ್ಲಿ ಬೆಳ್ಳಗೆ ಕೂರುತ್ತದೆ. ಹವಳ, ಮುತ್ತು, ಮ್ಯಾಲಕೈಟ್ (ಪಟ್ಟೆಯ ಹಸಿರು ಕಲ್ಲು) ಇದ್ದರೆ ನಿಂಬೆ, ಹುಣಸೆ ಹತ್ತಿರಕ್ಕೂ ತರಬೇಡಿ. ಅವು ಕಾರ್ಬೊನೇಟ್, ಹುಳಿಗೆ ಕರಗುತ್ತವೆ.

ಅಂಗಡಿಗೆ ಕೊಡಲೇಬೇಕಾದರೆ ತೂಕ ಹಾಕಿಸಿ, ಬೆಳಕಿಗೆ ಓರೆಯಾಗಿ ಹಿಡಿದು ಎರಡೂ ಬದಿಯ ಫೋಟೋ ತೆಗೆದಿಡಿ. "ಕೈಯಲ್ಲಿ ಮಾತ್ರ ತೊಳೆಯಬೇಕು, ಮೆಷಿನ್ ಬೇಡ" ಎಂದು ರಸೀದಿಯಲ್ಲೇ ಬರೆಸಿ.

ಎಣ್ಣೆ ಈಗಾಗಲೇ ಹೋಗಿದ್ದರೆ, ದಯವಿಟ್ಟು ಕೊಬ್ಬರಿ ಎಣ್ಣೆ ಸವರಬೇಡಿ. ಅದು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟಿ ಬಿರುಕನ್ನು ಇನ್ನಷ್ಟು ಬೆಳ್ಳಗೆ ಮಾಡುತ್ತದೆ, ಧೂಳನ್ನೂ ಹಿಡಿಯುತ್ತದೆ. ಹರಳಿನ ಕೆಲಸ ಬಲ್ಲವರು ಕಲ್ಲನ್ನು ಬಿಚ್ಚಿ, ಹಳೆಯ ಕೊಳೆ ತೆಗೆದು, ನಿರ್ವಾತದಲ್ಲಿ ಸೀಡರ್ ಎಣ್ಣೆ ಮತ್ತೆ ತುಂಬಬಲ್ಲರು. ಮುರಿದ ಸೊಂಡಿಲನ್ನು ಮಾತ್ರ ಅಂಟಿಸಬಹುದು ಇಲ್ಲವೇ ಸವೆಸಿ ಮತ್ತೆ ಕೆತ್ತಬಹುದು, ಅಷ್ಟೇ.