ಜೆಟ್‌ರೇಂಜರ್ ಹೆಲಿಗೆ ಹಾಕಿದ ಹೊಗೆಕೊಳವೆ ಕಿಟ್: 3 ವರ್ಷ, 140 ಹಾರಾಟ ಆದಮೇಲೆ

ರಿಮೋಟ್‌ನಲ್ಲಿ ಹಾರಿಸುವ ನನ್ನ ಮಾದರಿ ಹೆಲಿಕಾಪ್ಟರಿನ ಹೊಗೆಯನ್ನು ಹೊಟ್ಟೆಯ ಕೆಳಗಿಂದ ಹೊರಬಿಡುವ ಈ ಕಿಟ್ ಕೊಂಡದ್ದಕ್ಕೆ ನನಗೆ ಬೇಸರವಿಲ್ಲ. ಆದರೆ ಡಬ್ಬಿಯಲ್ಲಿ ಬಂದ ಹಾಗೇ ಜೋಡಿಸಿದವರಿಗೆ ಬೇಸರ ಗ್ಯಾರಂಟಿ. ಐದಕ್ಕೆ ಮೂರು ಸ್ಟಾರ್ ಕೊಡುತ್ತಿದ್ದೇನೆ. ಅದರಲ್ಲೊಂದು ನ್ಯಾಯವಾಗಿ ಪೀಣ್ಯದ ಲೇತ್ ಅಂಗಡಿಯವರಿಗೆ ಸೇರಬೇಕು.

ನನ್ನದು 50 ಗಾತ್ರದ ಗ್ಲೋ ಎಂಜಿನ್ (ಎಣ್ಣೆ ಬೆರೆಸಿದ ಮೆಥನಾಲಿನಲ್ಲಿ ಓಡುವ ಪುಟ್ಟ ಟೂ-ಸ್ಟ್ರೋಕ್), ಅಂದರೆ 8.2 ಸಿಸಿ. 600 ಮಿ.ಮೀ. ಬ್ಲೇಡು, ಮೇಲೆ ಬೆಲ್ 206 ಜೆಟ್‌ರೇಂಜರಿನ ಫೈಬರ್ ಬಾಡಿ. ಬರಿಮೈ ಹೆಲಿಗಾದರೆ ಹೊಗೆಯ ಚಿಂತೆಯೇ ಇರುವುದಿಲ್ಲ, ಸೈಲೆನ್ಸರ್ ಬಾಯಿ ಎತ್ತ ತಿರುಗಿದ್ದರೂ ಗಾಳಿ ನೋಡಿಕೊಳ್ಳುತ್ತದೆ. ಬಾಡಿ ತೊಡಿಸಿದ ಮೇಲೆ ಕಥೆ ಬೇರೆ. ಟ್ಯಾಂಕು 350 ಮಿ.ಲೀ., ಇಂಧನದಲ್ಲಿ ಎಣ್ಣೆ ಶೇ. 20. ಎಂಟು ನಿಮಿಷದಲ್ಲಿ ಟ್ಯಾಂಕ್ ಖಾಲಿಯಾಯಿತೆಂದರೆ ಸುಮಾರು 70 ಮಿ.ಲೀ. ಎಣ್ಣೆ ಎಂಜಿನ್ ಹೊಕ್ಕಿದೆ; ಅದರಲ್ಲಿ ಬಹುಪಾಲು ಸುಡದೇ ಹೊಗೆಯ ಜೊತೆ ಹೊರಬೀಳುತ್ತದೆ. ನಮ್ಮ ಮನೆಯಲ್ಲಿ ಅಷ್ಟರಲ್ಲಿ ಎರಡು ದಿನದ ಒಗ್ಗರಣೆ ಮುಗಿಯುತ್ತದೆ.

ಮೊದಲು ಎಡಮಗ್ಗುಲಲ್ಲಿ ಇಲಿಬಿಲದಂಥ ತೂತು ಕೊರೆದು ಸೈಲೆನ್ಸರ್ ಬಾಯಿಯನ್ನು ನೇರ ಹೊರಗೆ ಇಟ್ಟಿದ್ದೆ. ನೋಡಲು ಅಸಹ್ಯ, ಮೇಲಾಗಿ ಅದರ ಹಿಂದಿನ ಟೇಲ್ ಬೂಮ್, ಅಂದರೆ ಬಾಲದ ಉದ್ದನೆಯ ಭಾಗ, ಪ್ರತಿ ಸಲವೂ ಜಿಡ್ಡು ಜಿಡ್ಡು. ಅಂಟಿಸಿದ ನಂಬರು ಎರಡೇ ತಿಂಗಳಲ್ಲಿ ಕಳಚಿ ಬಂತು. ನಿಜವಾದ 206ರಲ್ಲಿ ಆಲಿಸನ್ 250 ಟರ್ಬೈನಿನ ಎರಡು ಹೊಗೆಗೂಡುಗಳು ಮೇಲ್ಮುಖವಾಗಿರುತ್ತವೆ. ಹೊಗೆಯನ್ನು ಅಲ್ಲಿಂದಲೇ ಬಿಟ್ಟರೆ ಎಷ್ಟು ಚಂದ ಅಂತ ಆಸೆಪಟ್ಟವರಲ್ಲಿ ನಾನೂ ಒಬ್ಬ. ಬೇಡ. ಮೇಲಿನಿಂದ ರೋಟರ್ ಗಾಳಿ ಎಣ್ಣೆಯನ್ನು ಬಾಡಿಯ ಮೇಲೇ ಬಡಿಯುತ್ತದೆ, ಎಂಜಿನ್ ನಿಂತಮೇಲೆ ಕೊಳವೆಯಲ್ಲಿ ಉಳಿದದ್ದು ಜಾರಿ ಸೈಲೆನ್ಸರಿಗೇ ವಾಪಸ್ ಬರುತ್ತದೆ. ಟರ್ಬೈನಿಗೆ ಸಲ್ಲುವುದು ಟೂ-ಸ್ಟ್ರೋಕಿಗೆ ಸಲ್ಲದು. ನಮಗೆ ಹೊಟ್ಟೆಯ ಕೆಳಗಿನ ದಾರಿಯೇ ಸರಿ.

ಈ ಕಿಟ್‌ನಲ್ಲಿ ಇದ್ದದ್ದು ಇಷ್ಟು: ಒಂದು ಅಲ್ಯೂಮಿನಿಯಂ ಎಲ್ಬೋ (ಬಾಗಿದ ಪೈಪು), ಒಂದು ಗೇಣು ನೇರ ಪೈಪು, ಎರಡು ತುಂಡು ಸಿಲಿಕೋನ್ ಟ್ಯೂಬು, ನಾಲ್ಕು ಕೇಬಲ್ ಟೈ, ಮತ್ತೆ ಪೈಪನ್ನು ಬಾಡಿಗೆ ಬಿಗಿಯಲು ಒಂದು ಕ್ಲ್ಯಾಂಪು. ಮಾರಿದವರ ಹೆಸರು ಬೇಡ. ಕೇಳಿದ ಪ್ರಶ್ನೆಗೆ ಅವರಿಂದ ಇವತ್ತಿಗೂ ಉತ್ತರ ಬಂದಿಲ್ಲ.

ಮೊದಲ ತಕರಾರು ಎಲ್ಬೋದ ಒಳ ಅಗಲ. ಸೈಲೆನ್ಸರ್ ಬಾಯಿ 12 ಮಿ.ಮೀ., ಇದು 9. ಮೂರು ಮಿಲಿಮೀಟರ್ ತಾನೇ ಅನ್ನಬೇಡಿ. ಹಾದಿಯ ವಿಸ್ತೀರ್ಣ 144ರಿಂದ 81ರ ಪ್ರಮಾಣಕ್ಕೆ, ಅಂದರೆ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಹೊಗೆ ಕಟ್ಟಿಕೊಂಡಂತೆ ಸೈಲೆನ್ಸರಿನ ಒಳಗೆ ಒತ್ತಡ ಏರುತ್ತದೆ, ಅದೇ ಸೈಲೆನ್ಸರಿನಿಂದ ಟ್ಯಾಂಕಿಗೆ ಒತ್ತಡದ ನಳಿಗೆ ಹೋಗಿರುವುದರಿಂದ ಇಂಧನವೂ ಜಾಸ್ತಿ ನುಗ್ಗುತ್ತದೆ. ಒಂದೇ ಕಡೆ ನಿಲ್ಲಿಸಿ ಹಾರಿಸುವಾಗ ಗೊರಗೊರ ಅಂದು ಬಿಳಿ ಹೊಗೆ ಕಾರಿತು. ನಾನು ಬುದ್ಧಿವಂತನ ಹಾಗೆ ನೀಡಲ್, ಅಂದರೆ ಇಂಧನ ಎಷ್ಟು ಬಿಡಬೇಕೆಂದು ತಿರುಗಿಸುವ ಸೂಜಿ-ತಿರುಪು, ಬಿಗಿದು ಇಂಧನ ಕಡಿಮೆ ಮಾಡಿದೆ. ಮೇಲೇರಿಸುವಾಗ ದಮ್ಮು ಕಟ್ಟಿ, ಕೆಳಗಿಳಿಸಿ ಎಂಜಿನ್ ಹಿಂಬದಿಯ ಪ್ಲೇಟಿಗೆ ಬೆರಳಿಟ್ಟರೆ ಒಂದು ಸೆಕೆಂಡು ಇಡಲಾಗಲಿಲ್ಲ. ಐದಾರು ಸೆಕೆಂಡು ಇಡುವ ಹಾಗಿರಬೇಕು. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು, ನೀಡಲ್ ಇಲ್ಲಿ ಹೇಗೂ ಸ್ವಲ್ಪ ಬಿಗಿಯೇ ಇರುತ್ತದೆ. ಅದರ ಮೇಲೆ ಇನ್ನೂ ತಿರುಗಿಸಿದ್ದು ನನ್ನ ತಪ್ಪು.

ಎರಡನೆಯದು ಹನ್ನೊಂದನೇ ಹಾರಾಟದಲ್ಲಿ. ಇದ್ದಕ್ಕಿದ್ದಂತೆ ಸದ್ದು ಬದಲಾಯಿತು, ಬಾಲ ತೂಗಾಡತೊಡಗಿತು. ಹೇಗೋ ಇಳಿಸಿದೆ. ಬಾಡಿ ಬಿಚ್ಚಿದರೆ ಒಳಗೆಲ್ಲ ಎಣ್ಣೆ ಅಭಿಷೇಕ! ಸಿಲಿಕೋನ್ ಟ್ಯೂಬು ಪೈಪಿನಿಂದ ಜಾರಿ ಕಳಚಿಕೊಂಡಿತ್ತು, ಜೈರೋ (ಬಾಲ ಅಲುಗದಂತೆ ನೋಡಿಕೊಳ್ಳುವ ಸೆನ್ಸರು) ಕೆಳಗಿನ ಎರಡು ಬದಿಯ ಟೇಪು ಎಣ್ಣೆ ಕುಡಿದು ಸಡಿಲವಾಗಿತ್ತು. ಪೈಪನ್ನು ಲೇತ್ ಅಂಗಡಿಗೆ ಒಯ್ದೆ. ಯಜಮಾನರು ತುದಿಯ ಮೇಲೆ ಬೆರಳಾಡಿಸಿ, "ಏನ್ ಸಾರ್, ಬಳೆನೇ ಇಲ್ವಲ್ಲ, ಎಣ್ಣೆ ಬಿದ್ರೆ ಹೆಂಗ್ ನಿಲ್ತದೆ?" ಅಂದರು. ಸರಿ, 12 ಮಿ.ಮೀ. ಒಳ ಅಗಲದ ಹೊಸ ಎಲ್ಬೋ ಬಗ್ಗಿಸಿ, ಎಲ್ಲ ತುದಿಗಳಿಗೂ ಬಳೆಯ ಹಾಗೆ ಉಬ್ಬು ತೆಗೆದುಕೊಟ್ಟರು. 350 ರೂಪಾಯಿ, ಒಂದು ಟೀ. ಅವತ್ತಿನಿಂದ ಟ್ಯೂಬು ಒಮ್ಮೆಯೂ ಕಳಚಿಲ್ಲ. ಅದರೊಳಗೆ ಎರಡು ಪೈಪುಗಳ ತುದಿ ಒಂದೆರಡು ಮಿ.ಮೀ. ಅಂತರಕ್ಕೆ ಬರಬೇಕು, ಹೆಚ್ಚು ಬಿಟ್ಟರೆ ಬಿಸಿ ಹೊಗೆ ನೇರ ಸಿಲಿಕೋನಿಗೆ ತಾಗಿ ತೂತು ಬೀಳುತ್ತದೆ. ನನ್ನ ಮೊದಲ ಟ್ಯೂಬು ಹೋದದ್ದು ಹಾಗೆಯೇ.

ಇನ್ನು ಆ ಕ್ಲ್ಯಾಂಪು. ಪೈಪನ್ನು ಬಾಡಿಗೆ ಬಿಗಿಯಿರಿ ಅನ್ನುತ್ತದೆ ಕಿಟ್ ಜೊತೆ ಬಂದ ಸೂಚನೆಯ ಕಾಗದ. ಎಂಜಿನ್ನಿನ ನಡುಕವೇ ಬೇರೆ, ಬಾಡಿಯ ನಡುಕವೇ ಬೇರೆ. ಎರಡನ್ನೂ ಒಂದೇ ಪೈಪಿಗೆ ಕಟ್ಟಿದರೆ ನಡುವೆ ಸಿಕ್ಕಿದ್ದು ಒಡೆಯಲೇಬೇಕು. ನನ್ನ ಬಾಡಿಯಲ್ಲಿ ಸ್ಕ್ರೂ ಸುತ್ತ ನಕ್ಷತ್ರದಾಕಾರದ ಬಿರುಕು ಬಿಟ್ಟಿತು, ಸೈಲೆನ್ಸರ್ ಬೋಲ್ಟು ಎರಡು ಸಲ ಸಡಿಲವಾಯಿತು. ಕ್ಲ್ಯಾಂಪು ಕಿತ್ತೆಸೆದೆ. ಈಗ ಪೈಪು ಎಂಜಿನ್ ಕಡೆಯ ಫ್ರೇಮಿಗೆ ಮಾತ್ರ ಆತುಕೊಂಡಿದೆ, ಹೊಟ್ಟೆಯ ತೂತಿನಲ್ಲಿ ಸುತ್ತಲೂ 5 ಮಿ.ಮೀ. ಬಿಡುವು. ಎಲ್ಲೂ ತಾಗುವುದಿಲ್ಲ. ಈ ಕೆಲಸದ ಜೀವಾಳ ಇದೇ, ಕಿಟ್‌ನ ಕಾಗದದಲ್ಲಿ ಮಾತ್ರ ಇದರ ಸುದ್ದಿಯೇ ಇಲ್ಲ. ತುದಿಯನ್ನು ಬಾಡಿಗಿಂತ ಒಂದೂವರೆ ಸೆಂ.ಮೀ. ಹೊರಗೆ ಇಳಿಸಿ, ಓರೆಯಾಗಿ, ಕೊಯ್ದ ಮುಖ ಬಾಲದ ಕಡೆ ಬರುವಂತೆ ಕತ್ತರಿಸಿದ್ದೇನೆ. ಸಮಕ್ಕೆ ಕೊಯ್ದಾಗ ಎಣ್ಣೆ ಹೊಟ್ಟೆಗೇ ಅಂಟಿಕೊಂಡು ಹಿಂದಕ್ಕೆ ಹರಿಯುತ್ತಿತ್ತು.

ಈಗಿನ ಸ್ಥಿತಿ: ಟೇಲ್ ಬೂಮ್ ಸ್ವಚ್ಛ, ಎಡಮಗ್ಗುಲ ತೂತು ಮುಚ್ಚಿ ಬಣ್ಣ ಹೊಡೆದಾಯಿತು. ಹಾರಾಟ ಮುಗಿದ ಮೇಲೆ ಸ್ಕಿಡ್ (ಹೆಲಿ ನಿಲ್ಲುವ ಕಾಲು) ಮತ್ತು ಹೊಟ್ಟೆ ಒರೆಸುವ ಕೆಲಸ ಇದ್ದೇ ಇದೆ. ಸಿಲಿಕೋನ್ ಟ್ಯೂಬನ್ನು 30 ಹಾರಾಟಕ್ಕೊಮ್ಮೆ ಬದಲಿಸುತ್ತೇನೆ, ಬೆರಳಲ್ಲಿ ಒತ್ತಿದರೆ ಗಟ್ಟಿ ಅನಿಸಿದರೆ ಅದಕ್ಕೂ ಮುಂಚೆ. ಸದ್ದು ಕೊಂಚ ತಗ್ಗಿದೆ ಅಂತ ಮೈದಾನದ ಗೆಳೆಯರು ಹೇಳುತ್ತಾರೆ, ನನಗೇನೂ ಗೊತ್ತಾಗಲಿಲ್ಲ.

ಪೆಟ್ರೋಲ್ ಎಂಜಿನ್ ಇಟ್ಟವರು ಇದನ್ನು ಕೊಳ್ಳಬೇಡಿ. ಪೆಟ್ರೋಲ್ ತಾಗಿದರೆ ಸಿಲಿಕೋನ್ ಉಬ್ಬಿ ಮೆತ್ತಗಾಗುತ್ತದೆ. ನಿಮಗೆ ಬೇಕಾದದ್ದು ಟೆಫ್ಲಾನ್ ಟ್ಯೂಬು, ಅದಕ್ಕೆ ಕೇಬಲ್ ಟೈ ಸಾಲದು, ಸ್ಟೀಲ್ ಕ್ಲಿಪ್ಪೇ ಆಗಬೇಕು.