ನೆಲದ ಹತ್ತಿರ ಗೋ-ಅರೌಂಡ್ ಕಲಿಯದೆ ಸೋಲೋ ಹೋಗಬೇಡಿ

ಬೂವನಹಳ್ಳಿ ವಿಮಾನ ನಿಲ್ದಾಣದ ಕೆಲಸ ನೋಡಿಬಂದ ಹಾಸನದ ಕಡೆಯ ಹುಡುಗ ಹುಡುಗಿಯರು ಪೈಲಟ್ ತರಬೇತಿ ಬಗ್ಗೆ ನನ್ನನ್ನು ಕೇಳುತ್ತಿರುತ್ತಾರೆ. ಫೀಸು ಎಷ್ಟು, ಮೆಡಿಕಲ್ ಹೇಗೆ, ಎಷ್ಟು ತಿಂಗಳು ಎಂದು. ಅದಕ್ಕಿಂತ ಮೊದಲು ಇದನ್ನು ಓದಿ.

ನಾನು ಕಲಿತ ಸ್ಕೂಲಿನ ಹೆಸರು ಬೇಡ. ಗೋ-ಅರೌಂಡ್, ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವುದನ್ನು, ಅಲ್ಲಿ ಆರೇಳು ಸಲ ಮಾಡಿಸಿದ್ದರು. ಪ್ರತಿ ಸಲವೂ 300 ಅಡಿ ಎತ್ತರದಲ್ಲಿ, ಫ್ಲಾಪ್ (ನಿಧಾನ ವೇಗದಲ್ಲೂ ವಿಮಾನವನ್ನು ಎತ್ತಿಹಿಡಿಯಲು ರೆಕ್ಕೆಯ ಹಿಂಬದಿಯಲ್ಲಿ ಕೆಳಗಿಳಿಸುವ ಪಟ್ಟಿ) 10 ಡಿಗ್ರಿಯಲ್ಲಿ, ಮೊದಲೇ ಹೇಳಿ. ಹಾಗೆ ಮಾಡಿದರೆ ಯಾರಿಗಾದರೂ ಬರುತ್ತದೆ.

ಸೋಲೋ, ಅಂದರೆ ಇನ್‌ಸ್ಟ್ರಕ್ಟರ್ ಇಲ್ಲದೆ ಒಬ್ಬರೇ ಹಾರಿಸುವುದು, ಶುರುವಾದ ಮೂರನೇ ದಿನ, ಸುಡು ಮಧ್ಯಾಹ್ನ. ಸೆಸ್ನಾ 172 ಎಂಬ ಪುಟ್ಟ ವಿಮಾನ, ಫ್ಲಾಪ್ ಪೂರ್ತಿ 30. ನೆಲಕ್ಕೆ ಇಪ್ಪತ್ತು ಅಡಿ ಇದ್ದಾಗ ಹುಲ್ಲಿನೊಳಗಿಂದ ನಾಯಿಯೊಂದು ರನ್‌ವೇಗೆ ಓಡಿಬಂತು. ಥ್ರಾಟಲ್ ಪೂರ್ತಿ ಒತ್ತಿದೆ. ಇಳಿಯಲೆಂದು ನಿಧಾನ ವೇಗಕ್ಕೆ ಹೊಂದಿಸಿದ್ದ ಟ್ರಿಮ್ (ಕೈಯಿಂದ ಒತ್ತದೆ ಮೂತಿಯನ್ನು ಒಂದು ಮಟ್ಟದಲ್ಲಿ ಹಿಡಿದಿಡುವ ಸಾಧನ) ಹಾಗೇ ಇತ್ತಲ್ಲ, ಪವರ್ ಬಂದದ್ದೇ ಮೂತಿ ಮೇಲೆದ್ದಿತು. ಬಲ ರಡ್ಡರ್, ಅಂದರೆ ಮೂತಿಯನ್ನು ಬಲಕ್ಕೆ ತಿರುಗಿಸುವ ಕಾಲಿನ ಪೆಡಲ್, ಒತ್ತುವುದು ನೆನಪಾಗಲಿಲ್ಲ, ವಿಮಾನ ಎಡಕ್ಕೆ ಎಳೆಯಿತು. ಗಾಬರಿಯಲ್ಲಿ ಫ್ಲಾಪ್ ಲಿವರನ್ನು ಒಂದೇ ಸಲಕ್ಕೆ ಸೊನ್ನೆಗೆ ತಂದೆ. ಪ್ರಾಣಕ್ಕೆ ಬಂದದ್ದು ಅದೇ ತಪ್ಪು. ವಿಮಾನ ಕುಸಿಯಿತು, ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ಮುನ್ನ ಎಚ್ಚರಿಸುವ ಸ್ಟಾಲ್ ಹಾರ್ನ್ ಕೂಗತೊಡಗಿತು, ಎಡಚಕ್ರ ಅಂಚಿನ ಹುಲ್ಲಿಗೆ ಬಡಿದು ಪುಟಿಯಿತು. ಮೂತಿಯನ್ನು ಬಲವಾಗಿ ಮುಂದಕ್ಕೆ ಒತ್ತಿ ಹಿಡಿದೆ. ಹೇಗೋ ವೇಗ ಬಂತು.

172ರಲ್ಲಿ ಫ್ಲಾಪನ್ನು ಮೊದಲು 20ಕ್ಕಷ್ಟೇ ತರಬೇಕು. ಏರತೊಡಗಿದ ಮೇಲೆ, ಅಡೆತಡೆ ದಾಟುವವರೆಗೆ 10, ದಾಟಿ ಸುರಕ್ಷಿತ ಎತ್ತರ, ವೇಗ ಎರಡೂ ಸಿಕ್ಕ ಮೇಲೆ ಸೊನ್ನೆ. ಪುಸ್ತಕದಲ್ಲಿ ಇದನ್ನು ಓದಿ ಬಾಯಿಪಾಠ ಮಾಡಿದ್ದೆ. ಕೈಗೆ ಅಭ್ಯಾಸವಿರಲಿಲ್ಲ.

ನಮ್ಮ ಕಡೆಯವರು ಇನ್ನೊಂದು ಲೆಕ್ಕ ಇಟ್ಟುಕೊಳ್ಳಬೇಕು. ಹಾಸನದ ನೆಲವೇ ಸಮುದ್ರಮಟ್ಟದಿಂದ 3,000 ಅಡಿಗೂ ಮೇಲಿದೆ. 30 ಡಿಗ್ರಿ ಬಿಸಿಲಿನಲ್ಲಿ ಇಂಥ ನೆಲ ವಿಮಾನದ ಪಾಲಿಗೆ ಸುಮಾರು 5,500 ಅಡಿ ಇದ್ದಂತೆ. ತೆಳು ಗಾಳಿಯಲ್ಲಿ ಎಂಜಿನ್ನಿಗೂ ಪ್ರೊಪೆಲ್ಲರಿಗೂ ಕಸುವು ಕಡಿಮೆ, ಏರುವುದು ನಿಧಾನ.

ಇಳಿದು ಬಂದಾಗ ನನ್ನ ಇನ್‌ಸ್ಟ್ರಕ್ಟರ್ ಹೇಳಿದ್ದು ಇಷ್ಟೇ: "ನಾಯಿ ಬಂದ್ರೆ ಏನ್ ಮಾಡಕ್ಕಾಗುತ್ತಪ್ಪಾ." ಆ ಮಾತು ಇಂದಿಗೂ ಹೊಟ್ಟೆಯಲ್ಲಿ ಉರಿಯುತ್ತದೆ.

ಸೋಲೋಗೆ ಮೊದಲು ಬಾಯಿಬಿಟ್ಟು ಕೇಳಿ. ಮೊದಲು ನೆಲದಿಂದ 3,000 ಅಡಿ ಮೇಲೆ, ಒಂದು ಎತ್ತರವನ್ನೇ ನೆಲ ಅಂದುಕೊಂಡು, ಪೂರ್ತಿ ಫ್ಲಾಪಿನಿಂದ ಗೋ-ಅರೌಂಡ್ ಮಾಡಿಸಲಿ; ಎಷ್ಟು ಅಡಿ ಕಳೆದುಕೊಂಡಿರಿ ನೋಡಿಕೊಳ್ಳಿ. ಆಮೇಲೆ ರನ್‌ವೇ ಮೇಲೆ, ಚಕ್ರ ಇನ್ನೇನು ಮುಟ್ಟುವಾಗ, ಮುಂಚೆ ಹೇಳದೆ. "ಅದೆಲ್ಲ ಆಮೇಲೆ" ಅಂದರೆ ಆ ದಿನ ಒಬ್ಬರೇ ವಿಮಾನ ಹತ್ತಬೇಡಿ.